ಹತ್ತು ಜನ ಎದ್ದು ಹೋದರು

ಮೊನ್ನೆ ಸೊಸೆ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಹಾಕಿ ಏಲಕ್ಕಿ ಕುಟ್ಟಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳೇಗಾಲದ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಬೊಂಬಾಯಿಯಣ್ಣ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು, ಅರವತ್ತರ ದಶಕ. ಬೊಂಬಾಯಿಯ ಯಾವುದೋ ಅಂಗಡಿಗೆ ಇಲ್ಲಿನ ರೇಷ್ಮೆ ಸೀರೆ ಕೊಂಡು ಕಳಿಸುವ ಕೆಲಸ ಅವರದು. ಯಹೂದಿಗಳು. ಹಾಗೆಂದರೆ ಏನೆಂದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು. ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದರು, ಶನಿವಾರ ಒಲೆ ಮುಟ್ಟುತ್ತಿರಲಿಲ್ಲ, ಎಂಥ ಸೀರೆ ಬಂದರೂ ಅವತ್ತು ಕೊಳ್ಳುತ್ತಿರಲಿಲ್ಲ. ಇದೆಲ್ಲ ದೇವರ ಕಟ್ಟಳೆ ಅನ್ನುತ್ತಿದ್ದರು. ಏನಾದರೂ ಒಳ್ಳೆಯದಾದರೆ ಅಂಥದೇ ಅವಲಕ್ಕಿ ಕಲಸಿ ನಮಗೂ ಕೊಡುತ್ತಿದ್ದರು...

ಒಂದು ದಿನ ಅವರ ತಾಯಿ ತೀರಿಕೊಂಡ ತಂತಿ ಬಂತು. ಅಲ್ಲಿ ಮಣ್ಣು ಮಾಡಿಯೂ ಆಗಿತ್ತು. ಅವರಲ್ಲಿ ಮಗನಾದವನು ಏಳು ದಿನ ಮನೆ ಬಿಟ್ಟು ಕದಲದೆ ನೆಲದ ಮೇಲೆ ಕೂರಬೇಕಂತೆ. ತಾಯಿಗಾಗಿ ಒಂದು ಪ್ರಾರ್ಥನೆಯನ್ನೂ ಹೇಳಬೇಕು, ಆದರೆ ಅದಕ್ಕೆ ಹತ್ತು ಗಂಡಸರು ಕೂಡಲೇಬೇಕಂತೆ. ಬೊಂಬಾಯಿಯಣ್ಣ ಅವರ ಪದ್ಧತಿಯಂತೆ ಅಂಗಿಯ ಕೊರಳು ಹರಿದುಕೊಂಡು ಕೂತುಬಿಟ್ಟರು.

ಇದು ನನ್ನ ಮಾವನವರ ಕಿವಿಗೆ ಬಿತ್ತು. "ಹತ್ತು ಜನ ತಾನೇ? ನಾವೇನು ಸತ್ತೋಗಿದ್ದೀವಾ?" ಎಂದು ಬೀದಿಯ ಗಂಡಸರನ್ನು ಸೇರಿಸಿದರು. ಎಲ್ಲರೂ ಮಿಂದು, ವಿಭೂತಿ ಧರಿಸಿ ಬಂದು ಜಗುಲಿಯ ಮೇಲೆ ಕೂತರು. ನಿಜ ಹೇಳುತ್ತೇನೆ, ಆಗ ಮಾವನವರ ಮೇಲೆ ಅಭಿಮಾನ ಉಕ್ಕಿತು.

ಬೊಂಬಾಯಿಯಣ್ಣ ಕೈ ಮುಗಿದರು.

"ಯಜಮಾನ್ರೇ, ತಪ್ಪು ತಿಳೀಬೇಡಿ. ದೀಪ, ಊಟ, ಶನಿವಾರ, ಇವೆಲ್ಲ ನಾನೊಬ್ಬನೇ ನಡೆಸೋ ಕಟ್ಟಳೆ. ಪ್ರಾರ್ಥನೆ ಮಾತ್ರ ನಮ್ಮ ಜನ ಕೂಡಿ ನಡೆಸೋದು. ಆ ಹೊರೆ ನಿಮ್ಮ ಮೇಲಿಲ್ಲ. ಆದ್ರೆ ದುಃಖದಲ್ಲಿರೋನ ಜೊತೆ ಯಾರು ಬೇಕಾದ್ರೂ ಕೂರಬಹುದು. ಸುಮ್ನೆ ಕೂತಿರಿ... ನನಗಷ್ಟು ಸಾಕು."

ಮಾವನವರ ಮುಖ ಕೆಂಪಾಯಿತು. "ಅಂಗಾರೆ ನಾವು ಲೆಕ್ಕಕ್ಕೇ ಇಲ್ವಾ? ಎದ್ದೇಳ್ರಲಾ, ಓಗವ!"

ಎಲ್ಲರೂ ಪಂಚೆ ಕೊಡವಿಕೊಂಡು ಎದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ತಾಯಿ ಸತ್ತವನ ಬಾಯಿಗೆ ಬೀಗ ಹಾಕುವ ಅವರ ಕಟ್ಟಳೆಯ ಮೇಲೂ ಸಿಟ್ಟು ಬಂತು, ಸುಳ್ಳೇಕೆ. ಆದರೆ ನಮ್ಮವರಿಗೆ ಬೇರೆಯವರ ಕಟ್ಟಳೆ ಕೇಳಿ ಅವಮಾನವಾಯಿತಂತೆ! ಹಿಂದಿನ ವರ್ಷ ಅತ್ತೆ ತೀರಿಕೊಂಡಾಗ, ಅವರ ಕೈಯ ಅನ್ನ ಉಂಡು ದೊಡ್ಡವನಾದ ನಮ್ಮ ಹೊಲದ ಆಳು ಹೆಗಲು ಕೊಡಲು ಬಂದಿದ್ದ. ಇದೇ ಗಂಡಸರು ಅವನನ್ನು ಜಾತಿ ಎತ್ತಿ ಬೈದು ಅಟ್ಟಿದ್ದರು.

ಬಾಗಿಲ ಹಿಂದಿನಿಂದ ಅಂದೇಬಿಟ್ಟೆ: "ಮಾವಾ, ಅತ್ತೇನ ಎತ್ತುವಾಗ ಆ ಆಳ್ನ ಯಾಕೆ ಓಡ್ಸುದ್ರಿ? ಅವ್ನು ಲೆಕ್ಕಕ್ಕಿದ್ನಾ? ಈ ಅಣ್ಣ ಕೂತ್ಕಳಿ ಅಂತಾವ್ರೆ, ಓಗಿ ಅಂತಿಲ್ವಲ್ಲ!"

"ಒಳಕ್ಕೋಗವ್ವ ನೀನು," ಎಂದರು ಮಾವ, ನನ್ನತ್ತ ನೋಡದೆ. ಬೊಂಬಾಯಿಯಣ್ಣನಿಗೆ ಹೇಳಿದ್ದು ಇಷ್ಟೇ: "ನಾಳೆ ಕೋಣೆ ಖಾಲಿ ಮಾಡ್ರಿ."

ನಾನು ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತೆ. ಕತ್ತಲಾಗುವವರೆಗೂ ಏಳಲಿಲ್ಲ... ಮಾರನೆಯ ದಿನ ಹರಿದ ಅಂಗಿಯಲ್ಲೇ ಪೆಟ್ಟಿಗೆ ಹಿಡಿದು ಮೈಸೂರಿನ ಬಸ್ಸು ಹತ್ತಿದರು. ಒಬ್ಬರೇ ನಡೆಸಬಹುದಾಗಿದ್ದ ಆ ಏಳು ದಿನದ ಕಟ್ಟಳೆಯನ್ನೂ ನಮ್ಮವರು ಮುರಿಸಿದರು.

ಆಮೇಲೆ ಅವರ ಸುದ್ದಿಯೇ ಇಲ್ಲ. ಈಗ ಇದ್ದಾರೋ ಇಲ್ಲವೋ... ಒಡಹುಟ್ಟಿದವರಂಥ ಒಬ್ಬ ಮನುಷ್ಯ ಕೈತಪ್ಪಿ ಹೋದರು. ಮಾವನವರೂ ಹೋದರು, ಆ ಮನೆಯೂ ಮಾರಿಹೋಯಿತು. ನನ್ನ ಸಿಟ್ಟು ಮಾತ್ರ ಹೋಗಿಲ್ಲ, ಹೋಗುವುದೂ ಬೇಡ. ಅವರೇನು ನಮ್ಮ ಗಂಟು ಕೇಳಿದ್ದರಾ? ಥೂ, ತಾಯಿ ಸತ್ತವನು ಏಳು ದಿನ ಕೂತು ಅಳಲು ನೆಲ ಬಿಡಲಿಲ್ಲವಲ್ಲ ನಾವು!