ಎರಡು ಹೆಡ್‌ಫೋನುಗಳೂ ಒಬ್ಬ ಅತ್ತೆಯೂ

ಕನ್ನಡಕ ಧರಿಸುವವನ ಕಿವಿಗಳಿಗೆ ಮೊದಲೇ ಒಂದು ಕಾಯಂ ಉದ್ಯೋಗವಿರುತ್ತದೆ. ಅವುಗಳ ಮೇಲೆ ಹೆಡ್‌ಫೋನನ್ನೂ ಏರಿಸುವುದೆಂದರೆ ಉತ್ತು ಬಂದ ಎತ್ತನ್ನು ಮತ್ತೆ ನೊಗಕ್ಕೆ ಕಟ್ಟಿದಂತೆ. ಹಾಗಿದ್ದೂ ತೊಂಬತ್ತರ ದಶಕದ ನಡುವಿನಲ್ಲಿ, ನಾಗಮಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಪುಟ್ಟ ಅಂಗಡಿಯೊಂದರಲ್ಲಿ, ಶ್ರವಣಶಾಸ್ತ್ರದ ಏಕಮಾತ್ರ ಪಂಡಿತನೆಂಬ ಕೀರ್ತಿ ನನ್ನದಾಗಿತ್ತು. ಅದಕ್ಕೆ ಕಾರಣ ನನ್ನ ಕಿವಿಯ ಸೂಕ್ಷ್ಮತೆಯಲ್ಲ, ಅಗಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನಾನು ಕೀರ್ತಿಯನ್ನೂ ಅವಳ ಮಾತನ್ನೂ ಒಪ್ಪಿಕೊಂಡಿದ್ದೆ.

ಅಂಗಡಿ ಗೆಳೆಯ ಅನ್ಸರನದು. ಕ್ಯಾಸೆಟ್ಟು ಮಾರುವುದು ಅವನ ಹೊಟ್ಟೆಪಾಡು. ಸುತ್ತಲ ಹಳ್ಳಿಗಳ ಸೋಬಾನೆ ಪದಗಳನ್ನು ತಾನೇ ಧ್ವನಿಮುದ್ರಿಸಿ ಹೊರತರಬೇಕೆಂಬುದು ಅವನ ಹುಚ್ಚು. ಆ ಹುಚ್ಚಿಗೆ ಮೊದಲು ಸಿಕ್ಕವಳು ಬಿಂಡಿಗನವಿಲೆಯಲ್ಲಿದ್ದ ನನ್ನ ಸೋದರತ್ತೆ ನಿಂಗಮ್ಮ. ಅವಳ ನಡುಮನೆಯಲ್ಲೇ ಕೂತು ಅಷ್ಟೂ ಪದಗಳನ್ನು ಮುದ್ರಿಸಿಕೊಂಡು ಬಂದಾಗಿತ್ತು. ಆಮೇಲೆ ಅತ್ತೆ ಹಿಂದೆ ಸರಿದಳು. ಮದುವೆಮನೆಯಲ್ಲಾದರೆ ಹತ್ತು ಹೆಂಗಸರ ನಡುವೆ ತನ್ನ ಸ್ವರವೂ ಬೆರೆತುಹೋಗುತ್ತದೆ, ಒಂಟಿಯಾಗಿ ಈ ಒಡಕು ದನಿಯನ್ನು ಊರೂರಿಗೆ ಕಳಿಸಬೇಡಿ ಎಂದು ಅವಳ ವಾದ. ಅಳಿಸಲು ಮನಸ್ಸಿಲ್ಲದೆ, ಹೊರತರಲು ಅಪ್ಪಣೆಯಿಲ್ಲದೆ ಅನ್ಸರ್ ಒದ್ದಾಡುತ್ತಿದ್ದ.

ಅಷ್ಟರಲ್ಲಿ ಅವನ ಭಾವಮೈದುನ ದುಬೈಯಿಂದ ಎರಡು ಹೆಡ್‌ಫೋನುಗಳನ್ನು ತಂದ. ಎರಡೂ ಕಿವಿಯನ್ನು ಸಂಪೂರ್ಣ ಮುಚ್ಚುವಂಥ, ಭಾರಿ ಬೆಲೆಯ ಕರ್ಣಕವಚಗಳು. ಒಂದನ್ನು ಅನ್ಸರ್ ಇಟ್ಟುಕೊಳ್ಳಬಹುದು, ಇನ್ನೊಂದು ಮೈಸೂರಿನ ಗಿರಾಕಿಗೆ. ಆಯ್ಕೆಯ ಭಾರ ಅಕ್ಷರಶಃ ನನ್ನ ತಲೆಯ ಮೇಲೆ ಬಿತ್ತು.

ಅತ್ತೆಯ ಪದಗಳನ್ನೇ ಹಾಕಿಸಿಕೊಂಡು ಪರೀಕ್ಷೆಗೆ ಕೂತೆ. ಕಪ್ಪನೆಯದು ಬೂರುಗದ ಹತ್ತಿಯ ದಿಂಬಿನಂತೆ ಮೆತ್ತಗಿತ್ತು. ಕನ್ನಡಕದ ಕಡ್ಡಿಗಳಿಗೂ ದಾಕ್ಷಿಣ್ಯದಿಂದ ಜಾಗ ಬಿಡುತ್ತಿತ್ತು. ಸದ್ದೆಲ್ಲ ದುಂಡಗೆ, ಗಂಭೀರವಾಗಿ ಮೊಳಗಿ, ಅತ್ತೆಯ ದನಿಗೆ ಜರಿಸೀರೆ ಉಡಿಸಿ ಕೂರಿಸಿದಂತಿತ್ತು. ಬೂದು ಬಣ್ಣದ್ದು ಇಕ್ಕಳದಂತೆ ಹಿಡಿಯಿತು. ಒಂದು ಪದ ಮುಗಿಯುವಷ್ಟರಲ್ಲಿ ಕಿವಿ ಕಾದವು. ಆದರೆ ಅದರಲ್ಲಿ ಅತ್ತೆ ಉಸಿರೆಳೆದುಕೊಳ್ಳುವುದು, ಬಳೆ ಸರಿಯುವುದು, ಹಿತ್ತಲ ಕೋಳಿ ಕೆದಕುವುದು, ಸಾಲಿನ ಕೊನೆಯಲ್ಲಿ ದನಿ ಸಣ್ಣಗೆ ಬಿರಿಯುವುದು, ಎಲ್ಲವೂ ಇದ್ದದ್ದು ಇದ್ದಂತೆ ಕೇಳಿಸಿತು. ಕರ್ಣಸುಖ ಬೇರೆ, ಶ್ರವಣಸುಖ ಬೇರೆ. ಬೂದು ಬಣ್ಣದ್ದೇ ಸರಿ ಎಂದು ಎಳ್ಳಷ್ಟೂ ಅಳುಕದೆ ತೀರ್ಪು ಕೊಟ್ಟೆ.

“ದಿನಪೂರ್ತಿ ಆಕ್ಕಂಡು ಕೂರೋನು ನಾನು ಸಾರ್,” ಎಂದ ಅನ್ಸರ್. “ಕಿವಿಗೂ ವಸಿ ಆರಾಮ್ ಬ್ಯಾಡ್ವಾ?”

ಮಾತು ನ್ಯಾಯವಾದದ್ದೇ. ತೀರ್ಮಾನವಾಗದೆ ಎರಡು ವಾರ ಕಳೆದವು.

ಕಣ್ಣು ತೋರಿಸಲು ನಾಗಮಂಗಲಕ್ಕೆ ಬಂದ ಅತ್ತೆಯನ್ನು, ಕಿವಿಯನ್ನೂ ತೋರಿಸಿ ಹೋಗೆಂದು ಅಂಗಡಿಗೆ ಕರೆದೊಯ್ದೆ. ಅವಳು ತನ್ನ ದನಿಯನ್ನು ಹೊರಗಿನಿಂದ ಎಂದೂ ಕೇಳಿದವಳಲ್ಲ. ಮೊದಲು ಕಪ್ಪನೆಯದನ್ನು ತೊಡಿಸಿದೆವು. ಯಾರೋ ಪೇಟೆಯವಳು ಚೆನ್ನಾಗಿ ಹಾಡುತ್ತಿದ್ದಾಳೆಂದು ಸೌಜನ್ಯದಿಂದ ತಲೆದೂಗಿದಳು. ಬೂದು ಬಣ್ಣದ್ದನ್ನು ತೊಡಿಸಿ ಅದೇ ಪದ ಹಾಕಿದಾಗ ಅವಳ ಮುಖದ ನಗು ನಿಂತಿತು. ಎರಡೂ ಅಂಗೈಗಳಿಂದ ಕಿವಿಗಳ ಮೇಲೆ ಅದನ್ನು ಒತ್ತಿ ಹಿಡಿದಳು.

“ನಮ್ಮವ್ವ ಕಣ್ಲಾ ಇದು,” ಎಂದಳು, ಕಿವಿ ಮುಚ್ಚಿಕೊಂಡವರ ಗಟ್ಟಿ ದನಿಯಲ್ಲಿ.

ಅವ್ವನೆಂದರೆ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ನನ್ನ ಅಜ್ಜಿ ಚಿಕ್ಕತಾಯಮ್ಮ. ಸಾಲು ಮುಗಿಯುವಲ್ಲಿ ಅವಳ ದನಿಯೂ ಹೀಗೆಯೇ ಬಿರಿಯುತ್ತಿತ್ತಂತೆ. ನಾವು ಏನಾದರೂ ಹೇಳುವ ಮೊದಲೇ ಅತ್ತೆ ಆ ಪದದ ಜೊತೆಗೆ ತಾನೂ ಹಾಡತೊಡಗಿದಳು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಬ್ಬರು ಬಾಗಿಲಿಗೆ ಬಂದು ನಿಂತರು. ನಮಗೆಲ್ಲ ಕೇಳುತ್ತಿದ್ದುದು ಒಂದೇ ದನಿ, ಅವಳಿಗೆ ಎರಡು.

ಪದ ಮುಗಿದ ಮೇಲೆ ಹೆಡ್‌ಫೋನು ಕಳಚಿ ಅನ್ಸರನ ಕೈಗಿಟ್ಟಳು. “ನಂದಾಗಿದ್ರೆ ಅಳಿಸ್ಬುಡು ಅಂತಿದ್ದೆ ಕಣಪ್ಪ. ಇದು ನಮ್ಮವ್ವಂದು. ಊರೂರ್ಗೂ ಕಳ್ಸು. ಅವ್ಳ ಎಸ್ರೂ ಬರ್ಸು.”

ಅನ್ಸರ್ ಬೂದು ಬಣ್ಣದ್ದನ್ನೇ ಇಟ್ಟುಕೊಂಡು, ಒಳಗೆ ಹಳೆಯ ಪಂಚೆಯ ತುಂಡು ಮಡಿಸಿ ಹೊಲಿಸಿಕೊಂಡ. ಕ್ಯಾಸೆಟ್ಟು ಹೊರಬಂತು, ಸಂತೆಬಾಚಹಳ್ಳಿಯವರೆಗೂ ಹೋಯಿತು. ಹೊದಿಕೆಯ ಮೇಲೆ, ಹಾಡಿದವರು ಎಂಬಲ್ಲಿ, ಎರಡು ಹೆಸರುಗಳಿವೆ. ಇರುವುದೊಂದೇ ದನಿಯಲ್ಲವೇ, ಎರಡನೆಯವರು ಎಲ್ಲಿ ಹಾಡಿದ್ದಾರೆ ಎಂದು ಜನ ನನ್ನನ್ನು ಕೇಳುವುದುಂಟು. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ನೋಡಿ ಎನ್ನುತ್ತೇನೆ, ಪಂಡಿತನ ಗತ್ತಿನಲ್ಲೇ.