ಗೆರೆಯಾಚೆಯ ಬಾಯ್ಲರ್

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜು ಹೊಗೆ ಮೇಷ್ಟರದು. ಕಂಪನಿಗಳು ಎಷ್ಟು ಇಂಗಾಲ ಉಗುಳುತ್ತವೆ, ಅದನ್ನು ಅಳೆಯುವುದು ಹೇಗೆ, ಇಳಿಸುವುದು ಹೇಗೆ ಎಂದು ಪಾಠ ಹೇಳುವುದರಿಂದ ಮಕ್ಕಳು ಇಟ್ಟ ಹೆಸರು ಅದು. ಹನ್ನೊಂದು ವರ್ಷ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಲಿಫ್ಟ್ ಹತ್ತುವವರನ್ನು ಕಂಡರೆ ಮೂಗು ಮುರಿಯುತ್ತಾರೆ. ತಾವು ಮಾತ್ರ ಒಂದು ಮಹಡಿಗೂ ಲಿಫ್ಟೇ, ಮಂಡಿನೋವಂತೆ. ಕಂಪನಿಯ ಕಾರು ಬಂದರೆ ಅದೇ ಮಂಡಿ ಮೆಟ್ಟಿಲಲ್ಲಿ ಓಡುತ್ತದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಕಂಪನಿ ಎಂದರೆ ಕಾಲೇಜಿನ ಹಿಂದಿರುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಮೇಷ್ಟರ ಪ್ರಯೋಗಾಲಯ ಕಟ್ಟಿಸಿಕೊಟ್ಟದ್ದು ಅದೇ. ಪ್ರತಿ ವರ್ಷ ಕೊನೆಯ ಸೆಮಿಸ್ಟರಿನ ಮಕ್ಕಳು ಅದರ ನಕ್ಷೆಯ ಮೇಲೆ ಕೆಂಪು ಗೆರೆ ಎಳೆಯಬೇಕು. ಗೆರೆಯೊಳಗಿನ ಹೊಗೆಯೆಲ್ಲ ಕಂಪನಿಯದು, ಹೊರಗಿನದು ಬೇರೆಯವರದು. ಹೋದ ವರ್ಷ ಕಂಪನಿ ತನ್ನ ಬಾಯ್ಲರನ್ನು ಗುತ್ತಿಗೆದಾರನೊಬ್ಬನ ಹೆಸರಿಗೆ ಬರೆದುಕೊಟ್ಟಿತು. ಬಾಯ್ಲರ್ ಇದ್ದಲ್ಲೇ ಇದೆ, ಅಷ್ಟೇ ಕಲ್ಲಿದ್ದಲು ನುಂಗುತ್ತಿದೆ, ಹಬೆ ಅದೇ ಪೈಪಿನಲ್ಲಿ ಅದೇ ಬಟ್ಟೆಗೆ ಹೋಗುತ್ತಿದೆ. ಕಾಗದದ ಮೇಲೆ ಮಾತ್ರ ಹೊಗೆ ಅರ್ಧಕ್ಕಿಳಿಯಿತು. ಈ ಸಾಧನೆಯನ್ನು ಮಕ್ಕಳ ಕೈಲೇ ಬರೆಸಿ ಅಚ್ಚು ಹಾಕಿಸುವ ಆಸೆ ಕಂಪನಿಗೆ. ಮೇಷ್ಟರು ಹಲ್ಲುಗಿಂಜಿ ಒಪ್ಪಿದರು.

ಈ ವರ್ಷದ ಮಕ್ಕಳೆಲ್ಲ ಬಾಯ್ಲರ್ ಬಿಟ್ಟು ಗೆರೆ ಎಳೆದರು. ಒಬ್ಬಳು ಮಾತ್ರ ಅದನ್ನು ಒಳಗೆ ಸೇರಿಸಿದಳು. ಅವಳಪ್ಪ ಆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಈ ಪ್ರಾಜೆಕ್ಟಿನಲ್ಲಿ ಪಾಸಾದರೆ ಅವಳ ಡಿಗ್ರಿ ಮುಗಿಯುತ್ತದೆ. ಅವಳಿಗೆ ಕೆಲಸವೊಂದು ಆಗಲೇ ನಿಗದಿಯಾಗಿತ್ತು. ಮೇಷ್ಟರು ಅವಳನ್ನು ಕರೆಸಿದಾಗ ಎರಡನೇ ಪರೀಕ್ಷಕನಾಗಿ ನಾನೂ ಕೂತಿದ್ದೆ.

"ಗೆರೆ ತಿದ್ದಮ್ಮ. ಬಾಯ್ಲರ್ ಈಗ ಕಂಪನಿದಲ್ಲ."

"ಹಬೆ ಕೊಂಡ್ಕೊಂಡ್ರೂ ಅದರ ಹೊಗೆ ಲೆಕ್ಕಕ್ಕೆ ಹಿಡೀಬೇಕು ಅಂತ ನೀವೇ ನೋಟ್ಸ್ ಬರೆಸಿದ್ರಿ ಸರ್."

"ಅದು ಪರೀಕ್ಷೆಗೆ. ಇದು ಪ್ರಾಜೆಕ್ಟು."

"ಬಾಯ್ಲರ್ ಜೊತೆ ನಮ್ಮಪ್ಪನ್ನೂ ಗುತ್ತಿಗೆಗೆ ಹಾಕಿದಾರೆ ಸರ್. ಹದಿನೆಂಟು ವರ್ಷ ಅದರ ಮುಂದೇನೇ ನಿಂತಿದ್ದೋರು. ಈಗ ಕೆಮ್ಮು ಅಂತ ಕಂಪನಿ ಡಾಕ್ಟರ ಹತ್ರ ಹೋದ್ರೆ ನೀನು ನಮ್ಮೋನಲ್ಲ ಅಂತಾರೆ. ನಾನೂ ಅಪ್ಪನ್ನ ಗೆರೆಯಿಂದ ಹೊರಗೆ ಹಾಕ್ಲಾ?"

ಮೇಷ್ಟರು ಕನ್ನಡಕ ಒರೆಸಿಕೊಂಡರು. ಮಾನಗೆಟ್ಟವರ ಕನ್ನಡಕ ಇಂಥ ಹೊತ್ತಿಗೇ ಕೊಳೆಯಾಗುತ್ತದೆ. "ಭಾವನೆ ಬೇರೆ, ಅಳತೆ ಬೇರೆ ಕಣಮ್ಮ" ಎಂದರು. ಅವಳು ತಿದ್ದಲಿಲ್ಲ, ವರದಿಯನ್ನು ಹಾಗೇ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಮೇಷ್ಟರು ಅಂಕಪಟ್ಟಿಯಲ್ಲಿ ಅವಳನ್ನು ಫೇಲು ಮಾಡಿ, ಪಟ್ಟಿಯನ್ನು ನನ್ನತ್ತ ತಳ್ಳಿದರು. ನಾನು ಸಹಿ ಹಾಕದಿದ್ದರೆ ವರದಿ ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಅವರು ನೋಡಿದರೆ ಅವಳು ಪಾಸು. ಅದು ಮೇಷ್ಟರಿಗೂ ಗೊತ್ತು, ನನಗೂ ಗೊತ್ತು. ಆದರೆ ಸಹಿ ಹಾಕದಿದ್ದರೆ ಕಾರಣ ಬರೆಯಬೇಕು, ಪ್ರಿನ್ಸಿಪಾಲರ ಮುಂದೆ ನಿಲ್ಲಬೇಕು. ಐದು ಗಂಟೆಯ ಬಸ್ಸಿಗೂ ಹೊತ್ತಾಗಿತ್ತು. ಸಹಿ ಹಾಕಿದೆ.

ಬಾಗಿಲಾಚೆ ಅವಳು ಇನ್ನೂ ನಿಂತಿದ್ದಳು. "ನೀವು ಅಲ್ಲಿದ್ರಲ್ಲ ಸರ್, ಅದಕ್ಕೇ ಧೈರ್ಯವಾಗಿ ಮಾತಾಡ್ದೆ" ಎಂದಳು.