ಅಪ್ಪ ಓದಲಾರದ ಕಡತ

ಕುಸುಬೆ ಎಣ್ಣೆಯ ದೀಪದ ಮಸಿ ಮೂಗಿಗೆ ಹತ್ತಿದರೆ ನನಗೆ ಇಂದಿಗೂ ಅತ್ತೆಯ ಹೆಬ್ಬೆರಳು ನೆನಪಾಗುತ್ತದೆ. ಓಲೆಗರಿಗೆ ಆ ಮಸಿ ಸವರಿ ಬಟ್ಟೆಯಿಂದ ಒರೆಸಿದರೆ, ಬರಿದಾಗಿ ಕಾಣುತ್ತಿದ್ದ ಗರಿಯಲ್ಲಿ ಅಕ್ಷರಗಳು ಕಪ್ಪಗೆ ಎದ್ದು ಬರುತ್ತಿದ್ದವು. ನನಗಾಗ ಹತ್ತು ವರ್ಷ. ಅತ್ತೆ ಎಂದರೆ ಅಪ್ಪನ ಅಕ್ಕ; ಗಂಡ ಸತ್ತ ಮೇಲೆ ಯಾವಗಲ್ಲು ಎಂಬ ಊರಿನ ನಮ್ಮ ಮನೆಗೆ, ತನ್ನ ತವರಿಗೆ, ಮರಳಿದವಳು. ಅಜ್ಜ ಅವಳಿಗೆ ಕಲಿಸಿದ್ದ ಓದನ್ನು ಅವಳು ನನಗೆ ಕದ್ದು ಕಲಿಸಿದಳು. ಕದ್ದು ಏಕೆಂದರೆ, ಅವಳು ಓದಿದ್ದರಿಂದಲೇ ಗಂಡ ಸತ್ತನೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಮೂರು ದಿನದ ಜ್ವರಕ್ಕೆ ಹೋದವನ ಸಾವನ್ನು ಅಕ್ಷರದ ತಲೆಗೆ ಕಟ್ಟಿದ ಆ ಜನರ ಮೇಲಿನ ನನ್ನ ಸಿಟ್ಟು ಕೂದಲು ಹಣ್ಣಾದರೂ ಇಳಿದಿಲ್ಲ.

ಅಪ್ಪ ವ್ಯಾಪಾರಕ್ಕೆಂದು ನರಗುಂದಕ್ಕೆ ಹೋದ ಮಧ್ಯಾಹ್ನಗಳೆಲ್ಲ ನಮ್ಮವು. ಹತ್ತಿ ಬಿಡಿಸುತ್ತ ಕೂತು ಓದುತ್ತಿದ್ದೆವು. ಯಾರಾದರೂ ಬಂದರೆ ಓದುತ್ತಿದ್ದುದೆಲ್ಲ ಹತ್ತಿಯ ರಾಶಿಯೊಳಗೆ. ಆ ಒಂದು ವರ್ಷ ಓದಿದಷ್ಟು ಬಗೆಬಗೆಯಾಗಿ ನಾನು ಮುಂದೆಂದೂ ಓದಲಿಲ್ಲ. ಓಲೆಗರಿಯಲ್ಲಿ ಒಬ್ಬ ಸೊಕ್ಕಿನ ರಾಜನ ಕಥೆಯಿತ್ತು. ಗೆದ್ದಲು ತಿಂದ ನಡುವಿನ ಭಾಗವನ್ನು ದಿನಕ್ಕೊಂದು ರೀತಿ ನಾವೇ ಕಟ್ಟಿಕೊಳ್ಳುತ್ತಿದ್ದೆವು. ರೋಣದ ಸಂತೆಯಿಂದ ಬೆಲ್ಲ ಸುತ್ತಿಕೊಂಡು ಬಂದ ಹಾಳೆಗಳು ಪಾದ್ರಿಗಳ ಅಚ್ಚಿನ ಪುಸ್ತಕದವು. ಅವು ನಮ್ಮ ದೇವರನ್ನೆಲ್ಲ ಬೈದಿದ್ದವು. ಅತ್ತೆ ಎರಡು ಸಲ ಓದಿ, “ಬೈದಾನ ಖರೇ, ಆದ್ರ ಹೇಳೋದು ಭಾಳ ಚಲೋ ಹೇಳ್ಯಾನ” ಎಂದು ನಕ್ಕಳು. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅಜ್ಜನ ಕಡತ. ಮಸಿ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಅವನು ದನದ ಔಷಧಗಳನ್ನೆಲ್ಲ ಬರೆದಿಟ್ಟಿದ್ದ. ನಡುನಡುವೆ ‘ಇದು ನಮ್ಮ ಕೆಂದೆತ್ತಿಗೆ ಹತ್ತಲಿಲ್ಲ’ ಎಂದು ತನ್ನ ಸೋಲನ್ನೂ ಬರೆದಿದ್ದ. ಕೊನೆಯ ಮಡಿಕೆಯಲ್ಲಿ ‘ಮಗಳು ಇವತ್ತು ಇದನ್ನು ತಡವರಿಸದೆ ಓದಿದಳು’ ಎಂದಿತ್ತು. ಅಲ್ಲಿಗೆ ಬಂದಾಗ ಅತ್ತೆ ಕಡತ ಮಡಚಿಟ್ಟು ಮತ್ತೆ ಹತ್ತಿಗೆ ಕೈ ಹಾಕುತ್ತಿದ್ದಳು.

ಮುಂಗಾರಿನ ಹೊತ್ತಿಗೆ, ಕಂಪನಿಯ ವಿರುದ್ಧ ದಂಗೆ ಎದ್ದಿದ್ದ ನರಗುಂದ ಸಂಸ್ಥಾನದ ಗುಡ್ಡದ ಕೋಟೆ ಕಂಪನಿಯ ಫೌಜಿನ ಕೈಸೇರಿತು. ಸಂಸ್ಥಾನದ ಕಡೆಯ ಕಾಗದ ಯಾರ ಮನೆಯಲ್ಲಿ ಸಿಕ್ಕರೂ ಗಲ್ಲಿಗೇರಿಸುತ್ತಾರೆಂದು ಸುದ್ದಿ ಹಬ್ಬಿತು. ಅಪ್ಪನಿಗೆ ಬರುತ್ತಿದ್ದುದು ಕಚೇರಿಯ ಮರಾಠಿ, ಅದನ್ನು ಬರೆಯುವ ಮೋಡಿ ಅಕ್ಷರ. ವ್ಯಾಪಾರಕ್ಕೆ ಅದೇ ಸಾಕೆಂದು ಕನ್ನಡದ ಒಂದು ಅಕ್ಷರವನ್ನೂ ಅವನು ಕಲಿತಿರಲಿಲ್ಲ. ಮೋಡಿಯ ಕಾಗದಗಳನ್ನು ಒಂದೊಂದಾಗಿ ನೋಡಿ ಜೋಪಾನವಾಗಿ ಎತ್ತಿಟ್ಟ. ತನಗೆ ಓದಲು ಬಾರದ್ದನ್ನೆಲ್ಲ ತಂದು ಬಚ್ಚಲ ಒಲೆಯ ಮುಂದೆ ಸುರುವಿದ. ಸಂಸ್ಥಾನದ ಕಾಗದವೂ ಮೋಡಿಯಲ್ಲೇ ಇರುತ್ತದೆಂಬ ಬುದ್ಧಿ ಆ ಭಯದಲ್ಲಿ ಅವನಿಗೆ ಓಡಲಿಲ್ಲ. ಓಲೆಗರಿ ಉರಿಯಿತು, ಬೆಲ್ಲದ ಹಾಳೆಗಳು ಉರಿದವು. ಕಡತ ಕೈಗೆತ್ತಿಕೊಂಡಾಗ ನಾನು ತಡೆಯಲಾರದೆ ಕೂಗಿದೆ.

“ಅಪ್ಪಾ, ಅದರಾಗ ಬರೇ ದನದ ಔಷಧ ಅದ!”

“ನಿನಗ ಹ್ಯಾಂಗ ಗೊತ್ತು?”

ಗಜೇಂದ್ರಗಡದ ಮನೆತನವೊಂದಕ್ಕೆ ನನ್ನ ಮದುವೆ ನಿಶ್ಚಯವಾಗಿತ್ತು. ಓದುವ ಹುಡುಗಿ ಎಂದು ತಿಳಿದರೆ ಅದು ಮುರಿಯುತ್ತಿತ್ತು. ಅತ್ತೆ ನಡುವೆ ಬಂದಳು. “ನಾನ ಹೇಳೇನಿ, ತಮ್ಮಾ. ಸಣ್ಣಾಕಿಗೇನು ಗೊತ್ತಾಗತದ?”

“ನಿನ್ನ ಓದಿಂದ ಆಗಿದ್ದು ಸಾಲದೇನು, ಅಕ್ಕಾ?” ಎಂದು ಅಪ್ಪ ಕಡತವನ್ನು ಒಲೆಗೆ ತಳ್ಳಿದ.

ಅದಕ್ಕೆ ಮೊದಲು ನಾನು ಒಂದೇ ಒಂದು ಸಾಲನ್ನು ಗಟ್ಟಿಯಾಗಿ ಓದಿ ತೋರಿಸಿದ್ದರೆ ಅದು ಉಳಿಯುತ್ತಿತ್ತು. ಆದರೆ ಅತ್ತೆ ನನ್ನ ಕೈ ಹಿಸುಕಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಪ್ಪನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ. ಇಷ್ಟಾಗಿ, ಫೌಜಿನ ಒಬ್ಬನೂ ನಮ್ಮ ಬಾಗಿಲಿಗೆ ಬರಲಿಲ್ಲ.

ನೀವೂ ನಿಮ್ಮ ಮನೆಯಲ್ಲಿ ಇಂಥದ್ದೇನನ್ನೋ ಕಳೆದುಕೊಂಡಿರಬಹುದು. ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಿಂಗಾರಿ ಬಿತ್ತನೆಯ ಹೊತ್ತಿಗೆ ನಮ್ಮ ದೊಡ್ಡ ಎತ್ತಿಗೆ ಹೊಟ್ಟೆ ಉಬ್ಬಿತು. ಕಡತದಲ್ಲಿದ್ದ ಮದ್ದನ್ನು ಅತ್ತೆ ನೆನಪಿದ್ದಷ್ಟು ಅರೆದು ಕುಡಿಸಿದಳು. ಅಜವಾನ, ಎಣ್ಣೆ, ಆಮೇಲಿನ ಬೇರು ಯಾವುದೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎತ್ತು ಸತ್ತಿತು. ಮರುದಿನ ಊಟಕ್ಕೆ ಕೂತ ಅಪ್ಪ ತುತ್ತು ಕೈಯಲ್ಲೇ ಹಿಡಿದು, “ಕನ್ನಡ ಓದೋ ಒಬ್ಬ ಗಂಡುಮಗ ಈ ಮನ್ಯಾಗ ಇದ್ದಿದ್ರ, ಆ ಕಡತಾನೂ ಉಳೀತಿತ್ತು, ಎತ್ತೂ ಉಳೀತಿತ್ತು” ಎಂದು ಕಣ್ಣೊರೆಸಿಕೊಂಡ. ಆಚೆಗೊಬ್ಬಳು, ಈಚೆಗೊಬ್ಬಳು ನಿಂತು ನಾವಿಬ್ಬರೂ ಅವನಿಗೆ ರೊಟ್ಟಿ ಬಡಿಸುತ್ತಿದ್ದೆವು.